ಮಣ್ಣಿನ ಸಾವಯವ ಇಂಗಾಲ: ನಾಗಬನದ ಅಂಚಿನಲ್ಲಿ 3.4 ಶೇಕಡಾ, ಸೊಪ್ಪಿನ ಗುಡ್ಡೆಯಲ್ಲಿ 1.7. ಇಷ್ಟು ವ್ಯತ್ಯಾಸ ಯಾಕೆ?

ಹೆಬ್ರಿ_ಗುಡ್ಡೆತೋಟ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹೆಬ್ರಿಯಿಂದ ಸ್ವಲ್ಪ ಮೇಲೆ, ಆಗುಂಬೆ ಘಾಟಿಯ ಬುಡದಲ್ಲಿ. ಕೆಳಗೆ ಅಡಿಕೆ ತೋಟ, ಅದರ ಮೇಲೆ ಸೊಪ್ಪಿನ ಗುಡ್ಡೆ (ಸೊಪ್ಪು, ತರಗೆಲೆ ತರುವ ಗುಡ್ಡೆ), ಇನ್ನೂ ಮೇಲೆ ಮುಳಿಹುಲ್ಲಿನ ಗುಡ್ಡೆ. ಒಂದು ಬದಿಗೆ ಕುಟುಂಬದ ನಾಗಬನ ಉಂಟು.

ಈ ಸಲ ತೋಟದ ಮಣ್ಣು ಪರೀಕ್ಷೆಗೆ ಕೊಡುವಾಗ ಜೊತೆಗೆ ಇನ್ನೆರಡು ಕಡೆಯದ್ದೂ ಕೊಟ್ಟೆ. ಸಾವಯವ ಇಂಗಾಲ (ಕೊಳೆತ ಎಲೆ, ಬೇರಿನಿಂದ ಮಣ್ಣಿಗೆ ಸೇರಿದ್ದು) ಶೇಕಡಾ ಲೆಕ್ಕದಲ್ಲಿ ಹೀಗೆ ಬಂತು: ತೋಟ 1.5, ಸೊಪ್ಪಿನ ಗುಡ್ಡೆ 1.7, ನಾಗಬನದ ಅಂಚು 3.4. (ಬನದ ಒಳಗೆ ಅಗೆಯಲಿಲ್ಲ, ಕಲ್ಲಿನ ಕಟ್ಟೆಯಿಂದ ಈಚೆಗೆ ತೆಗೆದದ್ದು.) ಮೂರರ ಎದುರೂ "ಅಧಿಕ" ಅಂತಲೇ ಬರೆದಿದ್ದಾರೆ. ಬನಕ್ಕೂ ಸೊಪ್ಪಿನ ಗುಡ್ಡೆಗೂ ನಡುವೆ ಇರುವುದು ಎಂಬತ್ತು ಹೆಜ್ಜೆ ಅಷ್ಟೇ. ಒಂದೇ ಮಳೆ, ಒಂದೇ ಮುರಕಲ್ಲು (ಜಂಬಿಟ್ಟಿಗೆ ಕಲ್ಲು). ಮತ್ತೆ ಅರ್ಧಕ್ಕೆ ಅರ್ಧ ಯಾಕೆ ಕಡಿಮೆ?

ಇದನ್ನು ಈಗ ಕೇಳುವುದಕ್ಕೆ ಒಂದು ಕಾರಣ ಉಂಟು. ಹೋದ ತಿಂಗಳು ಒಬ್ಬರು ಬಂದಿದ್ದರು, ಕಾರ್ಬನ್ ಕ್ರೆಡಿಟ್ (ಜಾಗದಲ್ಲಿ ಹೊಸದಾಗಿ ಸೇರುವ ಇಂಗಾಲಕ್ಕೆ ದುಡ್ಡು) ಮಾಡಿಸಿಕೊಡುತ್ತೇವೆ ಅಂತ. ಮೇಲಿನ ಹುಲ್ಲಿನ ಗುಡ್ಡೆ ಸುಮ್ನೆ ಬೋಳು ಬಿದ್ದಿದೆ, ಅಲ್ಲಿ ಹಿಟಾಚಿಯಲ್ಲಿ (ಮಣ್ಣು ಅಗೆಯುವ ಯಂತ್ರ) ಮೆಟ್ಟಿಲು ಮೆಟ್ಟಿಲಾಗಿ ತಟ್ಟು ಮಾಡಿ ಬೇಗ ಬೆಳೆಯುವ ಮರ ನೆಟ್ಟರೆ ಪ್ರತಿ ವರ್ಷ ದುಡ್ಡು ಬರುತ್ತದೆ, 30 ವರ್ಷಕ್ಕೆ ಒಪ್ಪಂದ ಮಾಡಿ ಅಂತ ಹೇಳಿದರು. ಅಪ್ಪನಿಗೆ ಅರ್ಧ ಮನಸ್ಸು. ಅಮ್ಮನಿಗೆ ಅದು ಬೇಡವೇ ಬೇಡ. ನನಗೆ ಮಣ್ಣಿನ ಲೆಕ್ಕ ಗೊತ್ತಿಲ್ಲದೆ ಯಾರ ಪರ ಮಾತಾಡುವುದು ಅಂತ ಆಗಿದೆ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಮಣ್ಣುಲ್ಯಾಬ್_ಉಡುಪಿ

ಮೊದಲು ಆ "ಅಧಿಕ" ಅನ್ನುವ ಮಾತು. ಅದನ್ನು ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ನಮ್ಮ ಪಟ್ಟಿಯಲ್ಲಿ 0.5ಕ್ಕಿಂತ ಕೆಳಗೆ ಕಡಿಮೆ, 0.5ರಿಂದ 0.75ರವರೆಗೆ ಮಧ್ಯಮ, 0.75 ದಾಟಿದರೆ ಅಧಿಕ. ಬೆಳೆಗೆ ಎಷ್ಟು ಗೊಬ್ಬರ ಹಾಕಬೇಕು ಅಂತ ಹೇಳಲಿಕ್ಕೆ ಮಾಡಿದ ಅಳತೆ ಅದು, ಕಾಡಿನ ಮಣ್ಣಿಗೆ ಮಾಡಿದ್ದಲ್ಲ. ಘಾಟಿ ಬುಡದ ಮಣ್ಣು ತಂದರೆ ಹೆಚ್ಚುಕಮ್ಮಿ ಎಲ್ಲವೂ ಅಧಿಕ ಅಂತಲೇ ಬರುತ್ತದೆ. 1.7 ಅಧಿಕ, 3.4 ಕೂಡ ಅಧಿಕ. ನಡುವೆ ಕಳೆದುಹೋದದ್ದು ಕಾರ್ಡಿನಲ್ಲಿ ಕಾಣುವುದಿಲ್ಲ.

ಎರಡನೆಯದು, ಶೇಕಡಾ ಅಂದರೆ ದಾಸ್ತಾನು ಅಲ್ಲ. ನೂರು ಗ್ರಾಂ ಮಣ್ಣಿನಲ್ಲಿ 3.4 ಗ್ರಾಂ ಇಂಗಾಲ ಉಂಟು ಅಂತ ಗೊತ್ತಾಯಿತು, ಸರಿ. ಆದರೆ ಅಲ್ಲಿ ಮಣ್ಣೇ ಎಷ್ಟು ಉಂಟು? ನಮ್ಮ ಕಡೆ ಗುಡ್ಡೆಯಲ್ಲಿ ಅರ್ಧ ಜಲ್ಲಿ, ಅರ್ಧ ಮಣ್ಣು. ಲ್ಯಾಬಿನಲ್ಲಿ ನಾವು 2 ಮಿಲಿಮೀಟರ್ ಜರಡಿಯಲ್ಲಿ ಇಳಿದದ್ದನ್ನು ಮಾತ್ರ ಪರೀಕ್ಷೆ ಮಾಡುತ್ತೇವೆ, ಕಲ್ಲು ಹೊರಗೆ ಹೋಗುತ್ತದೆ. ಆಮೇಲೆ ಆ ಶೇಕಡಾವನ್ನು ಇಡೀ ಗುಡ್ಡೆಗೆ ಹಾಕಿ ಗುಣಿಸಿದರೆ ಕಲ್ಲಿಗೂ ಇಂಗಾಲ ಕೊಟ್ಟ ಹಾಗೆ ಆಗುತ್ತದೆ. ಕ್ರೆಡಿಟ್ ಅಂತ ಬರುವವರ ಲೆಕ್ಕದಲ್ಲಿ ನಾನು ಮೊದಲು ನೋಡುವುದು ಇದನ್ನೇ.

ನೀವೇ ಮನೆಯಲ್ಲಿ ಅಂದಾಜು ಮಾಡಬಹುದು. 30 ಸೆಂಟಿಮೀಟರ್ ಆಳಕ್ಕೆ, ಗೋಡೆ ನೇರ ಇರುವ ಹಾಗೆ, ಒಂದು ಸಣ್ಣ ಗುಂಡಿ ತೆಗೆಯಿರಿ. ತೆಗೆದ ಮಣ್ಣು ಒಂದು ಚೂರೂ ಚೆಲ್ಲದೆ ಗೋಣಿಗೆ ತುಂಬಿಸಿ. ಗುಂಡಿಯೊಳಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿನವರೆಗೆ ನೀರು ಅಳೆದು ಹೊಯ್ಯಿರಿ. ಎಷ್ಟು ಲೀಟರ್ ಹಿಡಿಯಿತೋ ಅದು ಗುಂಡಿಯ ಗಾತ್ರ. ಮಣ್ಣು ಚೆನ್ನಾಗಿ ಒಣಗಿಸಿ, ಜರಡಿ ಹಿಡಿದು, ಕಲ್ಲು ಮತ್ತು ಬೇರು ಬಿಟ್ಟು ಉಳಿದ ನಯ ಮಣ್ಣನ್ನು ತೂಗಿ. (ಸರಿಯಾದ ತೂಕ ಬೇಕಾದರೆ 105 ಡಿಗ್ರಿಯಲ್ಲಿ ಒವನ್‌ನಲ್ಲಿ ಒಣಗಿಸಬೇಕು, ಅದನ್ನು ಲ್ಯಾಬಿನಲ್ಲಿ ಮಾಡಿಸಿ.) ಈಗ ನಯ ಮಣ್ಣಿನ ಕಿಲೋವನ್ನು ನೀರಿನ ಲೀಟರಿನಿಂದ ಭಾಗಿಸಿ. ಅದನ್ನು ಇಂಗಾಲದ ಶೇಕಡಾದಿಂದ ಗುಣಿಸಿ, ಮತ್ತೆ 30ರಿಂದ ಗುಣಿಸಿ. ಬರುವುದು ಹೆಕ್ಟೇರಿಗೆ ಎಷ್ಟು ಟನ್ ಇಂಗಾಲ ಅಂತ. ಎಕರೆಗೆ ಬೇಕಾದರೆ 2.47ರಿಂದ ಭಾಗಿಸಿದರೆ ಆಯಿತು.

ಒಂದು ಮಾತು ಕೇಳಬೇಕು: ನೀವು ಕೊಟ್ಟ ಸ್ಯಾಂಪಲ್ ಎಷ್ಟು ಆಳದ್ದು? ಕೃಷಿಗೆ ಅಂತ ಸಾಮಾನ್ಯವಾಗಿ ತೆಗೆಯುವುದು ಮೇಲಿನ 15 ಸೆಂ.ಮೀ. ಹಾಗಾದರೆ ಆ 3.4ನ್ನು 30 ಸೆಂ.ಮೀ.ಗೆ ಹಾಕಲಿಕ್ಕೆ ಬರುವುದಿಲ್ಲ, ಕೆಳಗೆ ಹೋದ ಹಾಗೆ ಕಡಿಮೆ ಆಗುತ್ತದೆ. ಗುಂಡಿಯ ಪೂರ್ತಿ ಮಣ್ಣು ಕಲಸಿ ಅದರಿಂದ ಮತ್ತೆ ಸ್ಯಾಂಪಲ್ ಕೊಡಿ. ಮಾಡಿಸುವ ಲ್ಯಾಬಿನಲ್ಲಿ ವಿಧಾನ ಯಾವುದು ಅಂತಲೂ ಕೇಳಿ. ಹೆಚ್ಚಿನ ಕಡೆ ವಾಕ್ಲಿ–ಬ್ಲ್ಯಾಕ್ ಅಂತ 1934ರಿಂದ ಬಂದ ವಿಧಾನ ಇರುತ್ತದೆ. ಅದರಲ್ಲಿ ಇರುವ ಇಂಗಾಲದ ಮುಕ್ಕಾಲು ಪಾಲು ಮಾತ್ರ ಸಿಗುತ್ತದೆ, ಹಾಗಾಗಿ ಸುಮಾರು 1.3ರಿಂದ ಗುಣಿಸುವ ರೂಢಿ ಉಂಟು. ಕೆಲವರು ಗುಣಿಸಿ ಕೊಡುತ್ತಾರೆ, ಕೆಲವರು ಹಾಗೇ ಕೊಡುತ್ತಾರೆ. ಎರಡು ಲ್ಯಾಬಿನ ಅಂಕಿ ತಾಳೆ ಆಗದಿದ್ದರೆ ಮೊದಲು ಇದನ್ನೇ ನೋಡಬೇಕು.

ಚಾರಣಿಗ_ಕುಡ್ಲ

ನಾನು ಮಂಗಳೂರಿನಲ್ಲಿ ಭೂವಿಜ್ಞಾನ ಓದಿದವನು. ರಜೆ ಸಿಕ್ಕಿದರೆ ಘಟ್ಟ ಹತ್ತುವುದು. ನಿಮ್ಮ ಪ್ರಶ್ನೆಯನ್ನು ಸ್ವಲ್ಪ ಮೇಲಿನಿಂದ ನೋಡೋಣ.

ಕುದುರೆಮುಖದ ದಾರಿಯಲ್ಲಿ ಮಳೆಗೆ ಜರಿದ ಒಂದು ದರೆ ಉಂಟು, ಶೋಲಾ ಕಾಡಿನ (ಎತ್ತರದ ಬೆಟ್ಟದ ಕಣಿವೆಗಳ ಗಿಡ್ಡ ಕಾಡು) ಅಂಚಿಗೆ. ಅಲ್ಲಿ ಮಣ್ಣಿನ ಪದರ ಕತ್ತರಿಸಿಟ್ಟ ಹಾಗೆ ಕಾಣುತ್ತದೆ. ಮೇಲೆ ನಾಲ್ಕು ಬೆರಳು ಎಲೆ, ಅರ್ಧ ಕೊಳೆತದ್ದು. ಅದರ ಕೆಳಗೆ ಮೊಣಕಾಲು ಎತ್ತರಕ್ಕೆ ಕಪ್ಪು ಮಣ್ಣು, ಬೆರಳಲ್ಲಿ ತಿಕ್ಕಿದರೆ ಬೆಣ್ಣೆ ಹಾಗೆ ನಯ, ಕೈಗೆ ಹತ್ತಿದ ಬಣ್ಣ ಬೇಗ ಹೋಗುವುದಿಲ್ಲ. ಅದಕ್ಕೂ ಕೆಳಗೆ ನಮ್ಮ ಕೆಂಪು ಮಣ್ಣು. ಆ ಕಪ್ಪು ಬಣ್ಣ ಬಹುಮಟ್ಟಿಗೆ ಇಂಗಾಲದ್ದೇ.

ಬೆಟ್ಟದ ಮೇಲೆ ಅದು ಯಾಕೆ ಅಷ್ಟು ಸೇರುತ್ತದೆ? ಒಂದು, ಚಳಿ. ಸಾವಿರ ಮೀಟರ್ ಹತ್ತಿದರೆ ಸುಮಾರು 6 ಡಿಗ್ರಿ ಕಡಿಮೆ. ಕುದುರೆಮುಖದ ತುದಿ 1,894 ಮೀಟರ್, ಅಂದರೆ ಪಣಂಬೂರು ಕಡಲ ಬದಿಗಿಂತ ಹತ್ತು ಡಿಗ್ರಿಗೂ ಜಾಸ್ತಿ ತಂಪು. ಹತ್ತು ಡಿಗ್ರಿ ತಂಪಾದರೆ ಎಲೆ, ಬೇರು ಕೊಳೆಯುವ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮರ ಬೆಳೆಯುತ್ತದೆ, ಎಲೆ ಬೀಳುತ್ತದೆ, ಆದರೆ ತಿನ್ನುವ ಸೂಕ್ಷ್ಮಜೀವಿಗಳ ಕೈ ನಿಧಾನ. ಎರಡು, ನೀರು. ಮಳೆಗಾಲದ ನಾಲ್ಕು ತಿಂಗಳು ಮಣ್ಣು ನೆನೆದೇ ಇರುತ್ತದೆ, ಒಳಗೆ ಗಾಳಿ ಕಡಿಮೆ, ಆಗಲೂ ಕೊಳೆಯುವುದು ನಿಧಾನ.

ಮೂರನೆಯದು ನಿಮ್ಮ ಹೆಬ್ರಿಗೂ ಸಲ್ಲುತ್ತದೆ. ನಮ್ಮ ಕೆಂಪು ಮಣ್ಣಿನ ತುಂಬ ಕಬ್ಬಿಣ ಮತ್ತು ಅಲ್ಯೂಮಿನಿಯಂ. ಕೊಳೆತು ಕರಗಿದ ಇಂಗಾಲ ಅವುಗಳ ಸಣ್ಣ ಕಣಕ್ಕೆ ಅಂಟಿಕೊಂಡರೆ ಸೂಕ್ಷ್ಮಜೀವಿಗೆ ಸುಲಭದಲ್ಲಿ ಸಿಗುವುದಿಲ್ಲ. ಹಾಗೆ ಅಂಟಿಕೊಂಡದ್ದು ನೂರಾರು ವರ್ಷ ಕೂರುತ್ತದೆ, ಆಳದಲ್ಲಿ ಇರುವುದಂತೂ ಸಾವಿರ ವರ್ಷ ಹಳೆಯದು ಸಿಗುತ್ತದೆ. ಆದರೆ ಮಣ್ಣನ್ನು ಬುಡಮೇಲು ಮಾಡಿದರೆ ಆ ಗಂಟು ಬಿಚ್ಚಿದ ಹಾಗೆ. ಗಾಳಿ ತಾಗುತ್ತದೆ, ಬಿಸಿಲು ತಾಗುತ್ತದೆ, ಮಳೆಗೆ ಮೇಲ್ಮಣ್ಣು ಕೊಚ್ಚಿ ಹೊಳೆಗೆ ಹೋಗುತ್ತದೆ. ಸೀತಾನದಿ ಮೊದಲ ಮಳೆಗೆ ಚಹಾ ಬಣ್ಣಕ್ಕೆ ತಿರುಗುವುದನ್ನು ನೀವು ನನಗಿಂತ ಜಾಸ್ತಿ ನೋಡಿದ್ದೀರಿ.

ನಾಗಬನದಲ್ಲಿ ಜಾಸ್ತಿ ಇರುವುದಕ್ಕೆ ಎತ್ತರ ಕಾರಣ ಅಲ್ಲ, ಎಂಬತ್ತು ಹೆಜ್ಜೆಗೆ ಎಂತ ಎತ್ತರ. ಅಲ್ಲಿ ಯಾರೂ ಎಲೆ ಗುಡಿಸಲಿಲ್ಲ, ಕೊಂಬೆ ಕಡಿಯಲಿಲ್ಲ, ಹಾರೆ ಹಾಕಲಿಲ್ಲ. ಎಷ್ಟು ತಲೆಮಾರಿನಿಂದಲೋ.

ಈಗ ಆ ಹುಲ್ಲಿನ ಗುಡ್ಡೆ. ಇದನ್ನು ಬೋಳು ಅಂತ ಕರೆಯುವುದು ಕೇಳಿದರೆ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ. ಹುಲ್ಲಿನ ಇಂಗಾಲ ಕಣ್ಣಿಗೆ ಕಾಣುವುದಿಲ್ಲ, ಬಹುಪಾಲು ನೆಲದ ಒಳಗೆ, ಬೇರಿನಲ್ಲಿ ಇರುತ್ತದೆ. ಎಲೆಯಿಂದ ಬಂದ ಇಂಗಾಲಕ್ಕಿಂತ ಬೇರಿನಿಂದ ಬಂದದ್ದು ಮಣ್ಣಿನಲ್ಲಿ ಜಾಸ್ತಿ ಕಾಲ ನಿಲ್ಲುತ್ತದೆ. ಘಟ್ಟದ ಹುಲ್ಲುಗಾವಲು ಎಲ್ಲ ಮರ ಕಡಿದು ಆದದ್ದು ಅನ್ನುವುದೂ ಸರಿಯಲ್ಲ. ನೀಲಗಿರಿಯ ಜವುಗಿನ ಮಣ್ಣನ್ನು ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಜೊತೆಗಾರರು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಹುಲ್ಲಿನ ಇಂಗಾಲಕ್ಕೂ ಮರದ ಇಂಗಾಲಕ್ಕೂ ಬೇರೆ ಬೇರೆ ಗುರುತು ಇರುತ್ತದೆ, ಅದನ್ನು ಹಿಡಿದು ನೋಡಿದರೆ ಇಪ್ಪತ್ತು ಸಾವಿರ ವರ್ಷದ ಹಿಂದೆಯೂ ಅಲ್ಲಿ ಹುಲ್ಲು ಇತ್ತು. ನಿಮ್ಮ ಮುಳಿ ಗುಡ್ಡೆ ಅಷ್ಟು ಹಳೆಯದು ಅಂತ ನಾನು ಹೇಳುತ್ತಿಲ್ಲ, ತಗ್ಗಿನ ಗುಡ್ಡೆಗಳ ಕಥೆ ಬೇರೆ. ಆದರೆ ಹಿಟಾಚಿ ತರುವ ಮೊದಲು ಅಲ್ಲಿ ಒಂದು ಗುಂಡಿ ತೋಡಿ ನೋಡಿ ಮಾರಾಯ್ರೆ.

ಮಾಳದ_ಅಕ್ಕ

ತಮ್ಮ, ಸೊಪ್ಪಿನ ಗುಡ್ಡೆಯ ಇಂಗಾಲ ಎಲ್ಲಿಗೂ ಕಾಣೆಯಾಗಲಿಲ್ಲ, ಅದು ನಿಮ್ಮ ಹಟ್ಟಿಗೆ (ದನದ ಕೊಟ್ಟಿಗೆಗೆ) ಹೋಗಿ ಅಲ್ಲಿಂದ ತೋಟಕ್ಕೆ ಇಳಿಯಿತು. ನಮ್ಮಲ್ಲೂ ಹಾಗೇ. ನಾನು ಮದುವೆಯಾಗಿ ಬಂದಾಗ ಆರು ದನ ಇತ್ತು, ಜನವರಿಯಿಂದ ಮಾರ್ಚ್ ತನಕ ತರಗೆಲೆ ಗುಡಿಸುವುದೇ ಕೆಲಸ. ಬೆಳಿಗ್ಗೆ ಇಬ್ಬನಿ ಇರುವಾಗಲೇ ಹೋಗಬೇಕು, ಎಲೆ ಮೆತ್ತಗೆ ಇದ್ದರೆ ಹೆಡಿಗೆಯಲ್ಲಿ ಒತ್ತಿ ತುಂಬಿಸಬಹುದು, ಬಿಸಿಲೇರಿದರೆ ಪುಡಿಯಾಗುತ್ತದೆ. ಮಳೆಗಾಲದಲ್ಲಿ ಹಸಿ ಸೊಪ್ಪು. ಆ ಹಟ್ಟಿಗೊಬ್ಬರದಿಂದಲೇ ತೋಟ ಬದುಕಿದ್ದು, ಅದನ್ನು ತಪ್ಪು ಅಂತ ಹೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಹಿರಿಯರು ಒಂದು ಎಕರೆ ತೋಟಕ್ಕೆ ಅದರ ಎಷ್ಟೋ ಪಾಲು ಗುಡ್ಡೆ ಬೇಕು ಅಂತ ಲೆಕ್ಕ ಇಟ್ಟದ್ದು ಸುಮ್ನೆ ಅಲ್ಲ.

ಆದರೆ ಗುಡ್ಡೆಗೆ ನಾವು ವಾಪಸು ಏನೂ ಕೊಡಲಿಲ್ಲ, ಅದು ನಿಜ. ನನ್ನ ಮಗಳು ತೋಟಗಾರಿಕೆ ಓದುವವಳು. ಯುರೋಪಿನ ಬೆಟ್ಟದ ಹಳ್ಳಿಗಳಲ್ಲೂ, ಜರ್ಮನಿ ಸ್ವಿಟ್ಜರ್ಲೆಂಡ್ ಕಡೆ, ಹಿಂದೆ ಹಟ್ಟಿಗೆ ಹಾಸಲಿಕ್ಕೆ ಕಾಡಿನ ಎಲೆ ಗುಡಿಸುತ್ತಿದ್ದರಂತೆ. ಗುಡಿಸುವುದು ನಿಂತು ಎಷ್ಟೋ ದಶಕ ಆದರೂ ಆ ಮಣ್ಣು ಪೂರ್ತಿ ಚೇತರಿಸಿಕೊಳ್ಳಲಿಲ್ಲ ಅಂತ ಅವಳು ಓದಿ ಹೇಳಿದಳು. ಅವತ್ತು ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ನಾವು ಈಗ ಮಾಡಿರುವುದು ಇಷ್ಟೇ. ಗುಡ್ಡೆಯನ್ನು ಮೂರು ಪಾಲು ಮಾಡಿದ್ದೇವೆ. ವರ್ಷಕ್ಕೆ ಒಂದು ಪಾಲಿನಲ್ಲಿ ಮಾತ್ರ ಗುಡಿಸುವುದು, ಎರಡು ಪಾಲು ಬಿಡುವುದು. ಗುಡಿಸುವಾಗಲೂ ಕಡ್ಡಿ ಪೊರಕೆ ಹಾಕಿ ಕೆರೆಯುವುದಿಲ್ಲ, ಮೇಲಿನ ಒಣ ಎಲೆ ಮಾತ್ರ ಕೈಯಲ್ಲಿ ಬಾಚುವುದು. ಕೆಳಗಿನ ಕಪ್ಪು ಪದರ, ಬಿಳಿ ಬೂಷ್ಟಿನ ಎಳೆ ಹಿಡಿದದ್ದು ಇರುತ್ತದಲ್ಲ, ಅದನ್ನು ಮುಟ್ಟುವುದಿಲ್ಲ. ತೋಟಕ್ಕೆ ಕಡಿಮೆ ಬಿದ್ದದ್ದನ್ನು ಅಡಿಕೆ ಸೋಗೆ, ಹಾಳೆ, ಬಾಳೆ ದಿಂಡು ಕತ್ತರಿಸಿ ಬುಡಕ್ಕೆ ಹಾಕಿ ಸರಿ ಮಾಡುತ್ತೇವೆ. ಮೊದಲು ಅದನ್ನೆಲ್ಲ ಒಲೆಗೆ, ಬೆಂಕಿಗೆ ಹಾಕುತ್ತಿದ್ದೆವು. ನಾಲ್ಕನೇ ವರ್ಷಕ್ಕೆ ಬಿಟ್ಟ ಪಾಲಿನಲ್ಲಿ ಮಳೆ ನೀರು ಕೆಂಪಾಗಿ ಹರಿಯುವುದು ಕಡಿಮೆಯಾಯಿತು. ಇಂಗಾಲ ಎಷ್ಟು ಏರಿತು ಅಂತ ನಾನು ಅಳೆಯಲಿಲ್ಲ, ಆದರೆ ನೆಲ ಕಾಲಿಗೆ ಮೆತ್ತಗೆ ಆಗಿದೆ.

ಅಮ್ಮ ಬೇಡ ಅಂದರೆ ಅವರ ಮಾತನ್ನು ಸ್ವಲ್ಪ ಕೂತು ಕೇಳಿ. ಆ ಗುಡ್ಡೆಯ ಮೇಲೆ ಜಾಸ್ತಿ ನಡೆದದ್ದು ಅವರೇ ಅಲ್ವಾ.

ಬಂಟ್ವಾಳ_ವಕೀಲ

ಮಣ್ಣಿನ ವಿಷಯ ಮೇಲಿನವರು ಹೇಳಿದ್ದಾರೆ. ನಾನು ಕಾಗದದ ವಿಷಯ ಮಾತ್ರ ಹೇಳುತ್ತೇನೆ.

ಮೊದಲು ಆರ್‌ಟಿಸಿ (ಪಹಣಿ) ತೆಗೆದು ನೋಡಿ. ಆ ಹುಲ್ಲಿನ ಗುಡ್ಡೆ ನಿಮ್ಮ ವರ್ಗ ಜಾಗವೋ (ಸ್ವಂತ ಪಟ್ಟಾ ಜಾಗ), ಕುಮ್ಕಿಯೋ? ಕುಮ್ಕಿ ಆದರೆ ಅದು ಸರ್ಕಾರದ ಜಾಗ. ವರ್ಗದ ಗಡಿಯಿಂದ ಸುಮಾರು 100 ಗಜದವರೆಗೆ ಸೊಪ್ಪು, ಸೌದೆ, ಮೇವು ತೆಗೆಯುವ ಸವಲತ್ತು ನಿಮಗೆ ಉಂಟೇ ಹೊರತು ಒಡೆತನ ಇಲ್ಲ. ಒಡೆತನ ಇಲ್ಲದ ಜಾಗದ ಇಂಗಾಲವನ್ನು 30 ವರ್ಷಕ್ಕೆ ಬರೆದುಕೊಟ್ಟರೆ ನಾಳೆ ಸಿಕ್ಕಿಬೀಳುವುದು ನೀವು, ಬಂದವರಲ್ಲ.

ಎರಡನೆಯದು. ಕ್ರೆಡಿಟ್ ಸಿಗುವುದು ಹೊಸದಾಗಿ ಸೇರಿದ ಇಂಗಾಲಕ್ಕೆ, ಮೊದಲೇ ಇದ್ದದ್ದಕ್ಕೆ ಅಲ್ಲ. ಹಾಗಾಗಿ ಶುರುವಿನಲ್ಲಿ ಎಷ್ಟಿತ್ತು ಅಂತ ಅಳೆದಿರಬೇಕು, ಮರದ್ದೂ ಮಣ್ಣಿನದ್ದೂ. ಅವರು ಹುಲ್ಲಿನ ಗುಡ್ಡೆಯ ಮಣ್ಣನ್ನು ಅಳೆಯದೆ ಸೊನ್ನೆ ಅಂತ ಹಿಡಿದು, ಹಿಟಾಚಿಯಲ್ಲಿ ಕೆದಕಿದ್ದರಿಂದ ಹೋದ ಇಂಗಾಲ ಲೆಕ್ಕಕ್ಕೇ ಬಾರದೆ, ಮರದ ಕಾಂಡದ್ದು ಮಾತ್ರ ಕೂಡಿಸುತ್ತಾ ಹೋದರೆ ಆ ಲೆಕ್ಕ ಸುಳ್ಳು. ನನ್ನ ಹತ್ತಿರ ಬಂದ ಒಂದು ಒಪ್ಪಂದದಲ್ಲಿ ಮಣ್ಣು ಅನ್ನುವ ಶಬ್ದವೇ ಇರಲಿಲ್ಲ. ಬೆಂಕಿ ಬಿದ್ದರೆ, ಗಾಳಿಗೆ ಮರ ಉರುಳಿದರೆ ಯಾರ ಹೊಣೆ ಅಂತ ನೋಡಿದರೆ ಜಾಗದವರದ್ದು ಅಂತ ಇತ್ತು. ಸಹಿ ಹಾಕಲು ಬಿಡಲಿಲ್ಲ.

ಗುಡ್ಡೆ ತಟ್ಟು ಮಾಡುವ ಬಗ್ಗೆ ಒಂದೇ ಮಾತು. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ, 2019ರಲ್ಲಿ ಚಾರ್ಮಾಡಿಯಲ್ಲಿ ಮಳೆಗೆ ಗುಡ್ಡ ಕುಸಿದಿತ್ತು. ಕಡಿದಾದ ಇಳಿಜಾರನ್ನು ಕಡಿಯುವ ಮೊದಲು ಇದನ್ನು ಅಪ್ಪನಿಗೆ ನೆನಪು ಮಾಡಿ.

ಚಾರಣಿಗ_ಕುಡ್ಲ

ವಕೀಲರು ಹೇಳಿದ್ದಕ್ಕೆ ಒಂದು ಅಂಕಿ ಸೇರಿಸುತ್ತೇನೆ. ಗುವೊ ಮತ್ತು ಗಿಫರ್ಡ್ ಅನ್ನುವವರು 2002ರಲ್ಲಿ ಬೇರೆ ಬೇರೆ ದೇಶಗಳ 74 ಪ್ರಕಟಣೆಗಳನ್ನು ಒಟ್ಟು ಹಾಕಿ ನೋಡಿದ್ದರು. ಸಹಜ ಕಾಡು ಹೋಗಿ ಬೆಳೆ ಭೂಮಿ ಆದಲ್ಲಿ ಮಣ್ಣಿನ ಇಂಗಾಲ ಸರಾಸರಿ 42 ಶೇಕಡಾ ಕಡಿಮೆ. ಸಹಜ ಕಾಡು ಹೋಗಿ ನೆಡುತೋಪು ಆದಲ್ಲಿ 13 ಶೇಕಡಾ. ಹುಲ್ಲುಗಾವಲಿಗೆ ಮರ ನೆಟ್ಟಲ್ಲಿಯೂ 10 ಶೇಕಡಾ ಕಡಿಮೆ, ಏರಿದ್ದಲ್ಲ. ಎಲ್ಲ ಕಡೆಯೂ ಹೀಗೇ ಆಗುತ್ತದೆ ಅಂತಲ್ಲ, ಸರಾಸರಿ ಅದು. ಮೇಲೆ ಮರದಲ್ಲಿ ಸೇರುವುದನ್ನು ಬೇರೆ ಕೂಡಿಸಬೇಕು, ಅದೂ ನಿಜ. ಆದರೆ ಮರ ಹತ್ತು ಹನ್ನೆರಡು ವರ್ಷಕ್ಕೆ ಕಡಿದು ಹೋಗುವಂಥದ್ದಾದರೆ?

ಇನ್ನೊಂದು. ಪ್ರಪಂಚದ ಮಣ್ಣಿನ ಮೇಲಿನ ಒಂದು ಮೀಟರಿನಲ್ಲಿ ಸುಮಾರು 1.5 ಲಕ್ಷ ಕೋಟಿ ಟನ್ ಇಂಗಾಲ ಉಂಟು. ಗಾಳಿಯಲ್ಲಿ ಇರುವುದಕ್ಕಿಂತ ಜಾಸ್ತಿ, ಎಲ್ಲ ಗಿಡಮರಗಳಲ್ಲಿ ಇರುವುದಕ್ಕಿಂತಲೂ ಜಾಸ್ತಿ. ನಮ್ಮ ದೇಶದ ಕಾಡಿನಲ್ಲೂ ಅಷ್ಟೇ, ಅರಣ್ಯ ಸಮೀಕ್ಷೆಯ ವರದಿಗಳಲ್ಲಿ ಕಾಡಿನ ಒಟ್ಟು ಇಂಗಾಲದ ಅರ್ಧಕ್ಕಿಂತ ಜಾಸ್ತಿ ಪಾಲು ಮಣ್ಣಿನದ್ದೇ. ನಾವು ಮಾತ್ರ ಮರದ ಸುತ್ತಳತೆ ಹಿಡಿದು ನಿಲ್ಲುತ್ತೇವೆ.

ಹೆಬ್ರಿ_ಗುಡ್ಡೆತೋಟ

ತಡವಾಗಿ ಬರೆಯುತ್ತಿದ್ದೇನೆ, ಲ್ಯಾಬಿನ ಕಾಗದ ಬರಲಿಕ್ಕೆ ಮೂರು ವಾರ ಹಿಡಿಯಿತು. ಎಲ್ಲರಿಗೂ ತುಂಬಾ ಉಪಕಾರ.

ಹೌದು ಸರ್, ಮೊದಲಿನ ಸ್ಯಾಂಪಲ್ 15 ಸೆಂ.ಮೀ.ದ್ದೇ. ಈಗ ನೀವು ಹೇಳಿದ ಹಾಗೆ ಗುಂಡಿ ತೆಗೆದು ಮಾಡಿದೆವು, ನಾನು ಮತ್ತು ಅಪ್ಪ. ಬನದ ಅಂಚಿನ ಗುಂಡಿ 5.2 ಲೀಟರ್ ನೀರು ಹಿಡಿಯಿತು, ನಯ ಮಣ್ಣು 4.2 ಕಿಲೋ, ಇಂಗಾಲ 2.6. ಲೆಕ್ಕ ಹಾಕಿದರೆ ಹೆಕ್ಟೇರಿಗೆ 63 ಟನ್. ಸೊಪ್ಪಿನ ಗುಡ್ಡೆಯಲ್ಲಿ 5 ಲೀಟರ್, 5 ಕಿಲೋ, 1.3. ಅಂದರೆ 39 ಟನ್. ಎಕರೆ ಲೆಕ್ಕದಲ್ಲಿ ಹತ್ತು ಟನ್ನಿನಷ್ಟು ವ್ಯತ್ಯಾಸ, ಬರೀ ಒಂದು ಅಡಿ ಆಳಕ್ಕೆ. ಶೇಕಡಾದಲ್ಲಿ ಅರ್ಧಕ್ಕರ್ಧ ಕಂಡದ್ದು ಟನ್ನಿನಲ್ಲಿ ಅಷ್ಟು ಇಲ್ಲ, ಯಾಕೆಂದರೆ ಬನದ ಮಣ್ಣು ಹಗುರ. ಅದನ್ನು ಗೋಣಿಯಲ್ಲಿ ಎತ್ತುವಾಗಲೇ ಗೊತ್ತಾಯಿತು.

ಮುಳಿ ಗುಡ್ಡೆಯಲ್ಲೂ ತೋಡಿದೆವು. ನಾನು ಎಣಿಸಿದ್ದು ನಾಲ್ಕು ಬೆರಳು ಮಣ್ಣು, ಕೆಳಗೆ ಮುರಕಲ್ಲು ಅಂತ. ಮೇಲ್ತುದಿಯಲ್ಲಿ ಹಾಗೇ ಇತ್ತು, ಹಾರೆ ಠಣ್ ಅಂತ ನಿಂತಿತು. ಆದರೆ ಇಳಿಜಾರಿನ ನಡುವಿನಲ್ಲಿ ಮೊಣಕೈ ಆಳಕ್ಕೆ ಕೈ ಹಾಕಿದರೂ ಹುಲ್ಲಿನ ಬೇರು ಸಿಗುತ್ತಿತ್ತು. ಕೂದಲಿನಷ್ಟು ಸಪೂರ, ಒಂದೊಂದು ಬೇರಿಗೂ ಮಣ್ಣಿನ ಸಣ್ಣ ಸಣ್ಣ ಮಣಿ ಪೋಣಿಸಿದ ಹಾಗೆ ಅಂಟಿಕೊಂಡಿತ್ತು. ಅಪ್ಪ ಒಂದು ಹೆಂಟೆ ತೆಗೆದು ನೀರಿನ ಚೆಂಬಿಗೆ ಹಾಕಿದರು, ಕರಗಲೇ ಇಲ್ಲ. ತೋಟದ ಹೆಂಟೆ ಹಾಕಿದ ತಕ್ಷಣ ಒಡೆದು ನೀರು ಕೆಂಪಾಯಿತು. ಅಪ್ಪ ತುಂಬಾ ಹೊತ್ತು ಎರಡು ಚೆಂಬನ್ನೂ ನೋಡುತ್ತಾ ಕೂತರು. ಆ ಗುಂಡಿಯ ಇಂಗಾಲ 1.9 ಬಂದಿದೆ, ಸೊಪ್ಪಿನ ಗುಡ್ಡೆಗಿಂತ ಜಾಸ್ತಿ.

ಆರ್‌ಟಿಸಿ ನೋಡಿದೆವು ವಕೀಲರೇ. ಕೆಳಗಿನ ಅರ್ಧ ನಮ್ಮ ವರ್ಗ, ಮೇಲಿನದು ಕುಮ್ಕಿ. ಬಂದವರಿಗೆ ಅಪ್ಪನೇ ಫೋನ್ ಮಾಡಿ ಬೇಡ ಅಂದರು. ಶುರುವಿನಲ್ಲಿ ಮಣ್ಣು ಅಳೆಯುತ್ತೀರಾ ಅಂತ ಕೇಳಿದ್ದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ.

ಅಕ್ಕ, ಅಮ್ಮನಿಗೆ ನಿಮ್ಮ ಬರಹ ಓದಿ ಹೇಳಿದೆ. ಮೂರು ಪಾಲಿನ ವಿಷಯ ಅವರಿಗೆ ಹಿಡಿಸಿತು, ಆದರೆ ನಮ್ಮ ನಾಲ್ಕು ದನಕ್ಕೆ ಒಂದು ಪಾಲಿನ ಎಲೆ ಸಾಲುವುದಿಲ್ಲ ಅಂತ ಚಿಂತೆ. ಹಟ್ಟಿಗೆ ಸೋಗೆ ಕತ್ತರಿಸಿ ಹಾಸಿದರೆ ದನ ಜಾರುವುದಿಲ್ಲವಾ? ಎಷ್ಟು ಸಣ್ಣಗೆ ಕತ್ತರಿಸಬೇಕು?

ಮಾಳದ_ಅಕ್ಕ

ಜಾರುವುದಿಲ್ಲ ತಮ್ಮ, ಒಂದು ಗೇಣಿಗಿಂತ ಸಣ್ಣ ಮಾಡಿ, ನಡುವಿನ ದಂಟು ತೆಗೆದು ಹಾಕಿ. ದಂಟು ಬಿಟ್ಟರೆ ಗೊರಸಿಗೆ ಸಿಕ್ಕುತ್ತದೆ. ಮೇಲಿಂದ ಎರಡು ಹೆಡಿಗೆ ತರಗೆಲೆ ಹರಡಿದರೆ ದನ ಮಲಗುತ್ತದೆ. ಮೊದಲ ವಾರ ಅಮ್ಮನಿಗೆ ಸಮಾಧಾನ ಆಗುವುದಿಲ್ಲ, ಗೊಬ್ಬರ ತೆಗೆಯುವಾಗ ಸ್ವಲ್ಪ ಜಾಸ್ತಿ ಕೆಲಸ. ಅದನ್ನು ನೀವು ಮಾಡಿ ಕೊಡಿ.